ಆ ಫೋಟೋದಿಂದ ಟೀಚರನ್ನು ಯಾಕೆ ಕತ್ತರಿಸಿದಿರಿ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಆ ಸಿಟ್ಟು ಯಾರ ಮೇಲೆ ಅಂತ ಗೊತ್ತಾಯಿತು. ಮೂರನೇ ಸಲ ಪತ್ರದ ಕೊನೆಗೆ ಬರುವ ಹೊತ್ತಿಗೆ, ಮೊದಲೆರಡು ಸಲ ಕಣ್ಣು ಹಾರಿಸಿಕೊಂಡು ಹೋಗಿದ್ದ ಒಂದು ಸಾಲು ಸಿಕ್ಕಿತು. ಆಮೇಲೆ ಬೇರೆ ಪತ್ರ ಓದುವ ಮನಸ್ಸೇ ಆಗಲಿಲ್ಲ.

ಬರೆದವರಿಗೆ 36 ವರ್ಷ. ಲೆಕ್ಕಪತ್ರದ ಕೆಲಸ, ದಿನವಿಡೀ ಕುರ್ಚಿ. ಎರಡು ವರ್ಷದ ಹಿಂದೆ ಗೆಳತಿ ಕರೆದಳು ಅಂತ ಪೋಲ್ ಡಾನ್ಸ್, ಅಂದರೆ ನೆಟ್ಟ ಕಂಬ ಹಿಡಿದು ಮಾಡುವ ನೃತ್ಯದ ಕ್ಲಾಸಿಗೆ ಹೋದರು, ಗೆಳತಿ ಬಿಟ್ಟಳು, ಇವರು ಉಳಿದರು. ಈಗ ಮೊಣಕಾಲ ಹಿಂದೆ ಕಂಬ ಸಿಕ್ಕಿಸಿಕೊಂಡು, ಎರಡೂ ಕೈ ಬಿಟ್ಟು, ತಲೆಕೆಳಗಾಗಿ ತೂಗುತ್ತಾರಂತೆ. ಮನೆಯಲ್ಲಿ ಮಾತ್ರ "ಜಿಮ್ನಾಸ್ಟಿಕ್ಸ್ ಥರ ಏನೋ" ಅಂತ ಹೇಳಿಟ್ಟಿದ್ದರು. ಒಂದು ದಿನ ಕ್ಲಾಸಿನವರು ಹಾಕಿದ್ದ ವಿಡಿಯೋ ಮೈದುನನ ಕಣ್ಣಿಗೆ ಬಿತ್ತು. ಅವನು ಅದನ್ನು ತಂದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ಕಣ್ಣು ಹೊಡೆಯುವ ಎಮೋಜಿ ಇಟ್ಟ. ಅಲ್ಲಿಂದ ರಾಮಾಯಣ ಶುರು. ನಾದಿನಿ ಮಾತು ಬಿಟ್ಟಿದ್ದಾಳೆ. ಗಂಡ "ಕ್ಲಾಸ್ ಬಿಡಬೇಡ, ಆದರೆ ಡಾನ್ಸ್ ಅನ್ನೋ ಪದ ಬಿಡು, ಪೋಲ್ ಫಿಟ್‌ನೆಸ್ ಅನ್ನು, ಉದ್ದ ಪ್ಯಾಂಟ್ ಹಾಕಿಕೋ, ಆಗ ಯಾರೂ ಏನೂ ಅನ್ನಲ್ಲ" ಅಂದಿದ್ದಾರೆ. ಅತ್ತೆ ಕೇಳಿದ್ದು ಒಂದೇ ಮಾತು: "ಅಷ್ಟು ಮೇಲಿಂದ ಬಿದ್ದರೆ?"

ಇವರ ಪ್ರಶ್ನೆ: ಪೋಲ್ ಡಾನ್ಸನ್ನು ಆ ಸ್ಟ್ರಿಪ್ ಕ್ಲಬ್ಬಿನ, ಅಂದರೆ ಬಟ್ಟೆ ಕಳಚುತ್ತ ಕುಣಿಯುವ ಕ್ಲಬ್ಬಿನ, ಕಾಮದ ಚಿತ್ರದಿಂದ ಬಿಡಿಸಲು ಆಗುತ್ತಾ? ಆಗುತ್ತೆ ಅಂದರೆ ಮನೆಯವರಿಗೆ ಹೇಗೆ ಹೇಳಲಿ?

ಮೊದಲು ಅತ್ತೆಯವರ ವಿಷಯ. "ಅವರಿಗೆ ಇದೆಲ್ಲ ಅರ್ಥ ಆಗಲ್ಲ" ಅಂತ ಅವರನ್ನು ಪಕ್ಕಕ್ಕೆ ಸರಿಸಿದ್ದೀರಿ. ತಂಗಿ, ಇಡೀ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಉಳಿದವರಿಗೆಲ್ಲ ನೋಡುವವರ ಚಿಂತೆ, ಅವರಿಗೆ ನಿಮ್ಮ ಕತ್ತಿನ ಚಿಂತೆ. ತಲೆಕೆಳಗಾಗಿ ತೂಗುವವರು ಬೀಳುವುದೂ ಉಂಟು, ಬಿದ್ದರೆ ಮೊದಲು ತಾಗುವುದು ತಲೆಯೇ. ಅವರಿಗೆ ಉತ್ತರ ಕೊಡಿ, ನಗಬೇಡಿ.

ಇನ್ನು ಆ ಮೈದುನ. ನೀವು ಬರೆದಿರೋದು "ಅವನು ಹುಡುಗಾಟಕ್ಕೆ ಹಾಕಿದ" ಅಂತ. ನಾನು ಒಪ್ಪಲ್ಲ. ವಿಡಿಯೋದಲ್ಲಿ ನೀವು ಮಾಡಿದ್ದು ಒಂದು ಕಷ್ಟದ ಪಟ್ಟು, ಅಷ್ಟೇ. ಅದಕ್ಕೆ ಕಣ್ಣು ಹೊಡೆಯುವ ಎಮೋಜಿ ಅಂಟಿಸಿದವನು ಅವನು. ಮನೆಯವರೆಲ್ಲ ನಿಮ್ಮನ್ನು ಮೊದಲ ಸಲ ನೋಡಿದ್ದು ಅವನ ಕಣ್ಣಿನಿಂದ. ಆ ಎಮೋಜಿ ಇಲ್ಲದೆ ಅದೇ ವಿಡಿಯೋ ಬಂದಿದ್ದರೆ ಅರ್ಧ ಜನ "ಅಬ್ಬಾ, ಹೇಗೆ ಮಾಡಿದೆ" ಅಂತ ಕೇಳುತ್ತಿದ್ದರು, ಅಲ್ವಾ? ಗಂಡ ನಿಮ್ಮ ಬಟ್ಟೆಯ ಬಗ್ಗೆ ಮಾತಾಡುವ ಮೊದಲು ತಮ್ಮನ ಹತ್ತಿರ ಮಾತಾಡಬೇಕಿತ್ತು. ಅವರು ಮಾತಾಡಲಿಲ್ಲ, ನೀವೂ ಅದನ್ನು ಕೇಳಲಿಲ್ಲ.

ಆದರೂ ಗಂಡನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಕ್ಲಾಸ್ ಬಿಡು ಅಂತ ಅವರು ಹೇಳಿಲ್ಲ. ಬಟ್ಟೆ ಯಾಕೆ ಕಡಿಮೆ ಅಂತ ಗೊತ್ತಿಲ್ಲ, ಗೊತ್ತಾದರೆ ಪ್ಯಾಂಟಿನ ಮಾತು ಬಿಡುತ್ತಾರೆ.

ಹೋದ ವರ್ಷ ಗೆಳತಿಯ ಮಗಳ ಜೊತೆ ಇಂಥದೇ ಒಂದು ಕ್ಲಾಸಿಗೆ ಹೋಗಿ ಮೂಲೆಯಲ್ಲಿ ಕೂತು ನೋಡಿದ್ದೆ. ಶುರುವಿಗೆ ಎಲ್ಲರೂ ಸ್ಪಿರಿಟ್ ಬಾಟಲಿ, ಬಟ್ಟೆ ಹಿಡಿದು ಕಂಬ ಒರೆಸಿದರು. ಬೆಳಿಗ್ಗೆ ಲೋಷನ್ ಹಚ್ಚಿಕೊಂಡು ಬಂದಿದ್ದ ಒಬ್ಬ ಹುಡುಗಿ ಎಷ್ಟು ಹಿಡಿದರೂ ಜಾರಿ ಕೆಳಗೆ ಬರುತ್ತಿದ್ದಳು. ಟೀಚರ್ ಅವಳನ್ನು ಅವತ್ತು ಹತ್ತಲು ಬಿಡಲಿಲ್ಲ. ಸ್ಪರ್ಧೆಯ ಕಂಬ 45 ಮಿಲಿಮೀಟರ್ ದಪ್ಪ, ನುಣುಪಾದ ಲೋಹ. ಅದರ ಮೇಲೆ ಬಟ್ಟೆ ಜಾರುತ್ತದೆ, ಚರ್ಮ ಹಿಡಿಯುತ್ತದೆ. ತೊಡೆಯ ಒಳಭಾಗ, ಮೊಣಕಾಲ ಹಿಂದಿನ ಸಂದು, ಕಂಕುಳು, ಸೊಂಟದ ಪಕ್ಕ, ಇಷ್ಟೇ ಅವರಿಗೆ ಆಧಾರ. ಚರ್ಮ ಲೋಹಕ್ಕೆ ಉಜ್ಜಿ ಕೀರ್ ಅಂತ ಸದ್ದು ಬರುತ್ತಿತ್ತು. ಆ ಹುಡುಗಿಯರ ತೊಡೆಯ ಮೇಲೆ ನೇರಳೆ ಬಣ್ಣದ ಕಲೆಗಳು. ಅದಕ್ಕೆ ಅವರು 'ಪೋಲ್ ಕಿಸ್' ಅಂತಾರೆ, ಹೆಮ್ಮೆಯಿಂದ ತೋರಿಸ್ತಾರೆ. ನಾನೂ ಒಂದು ಕಂಬ ಹಿಡಿದು ಕಾಲೆತ್ತಿ ನೋಡಿದೆ. ನಾಲ್ಕು ಸೆಕೆಂಡಿಗೆ ಅಂಗೈ ಉರಿಯಿತು.

ಉದ್ದ ಪ್ಯಾಂಟ್ ಹಾಕಿ ತಲೆಕೆಳಗಾಗು ಅನ್ನುವುದು ಬೀಳು ಅಂತ ಹೇಳಿದ ಹಾಗೆ. ಸರ್ಕಸ್ಸಿನವರ ಚೈನೀಸ್ ಪೋಲ್ ಇದೆಯಲ್ಲ, ಅದಕ್ಕೆ ರಬ್ಬರ್ ಸುತ್ತಿರುತ್ತಾರೆ. ಅಲ್ಲಿ ಚರ್ಮ ಸುಟ್ಟು ಹೋಗುತ್ತೆ ಅಂತ ಮೈತುಂಬ ಬಟ್ಟೆ, ಕಾಲಿಗೆ ಶೂ. ಯಾವ ಕಂಬ ಅನ್ನುವುದರ ಮೇಲೆ ಬಟ್ಟೆ. ಮಲ್ಲಕಂಬ ನೋಡಿ, ಕಟ್ಟಿಗೆಯ ಕಂಬಕ್ಕೆ ಹರಳೆಣ್ಣೆ ಸವರಿ, ಹುಡುಗರು ಬರೀ ಲಂಗೋಟಿಯಲ್ಲಿ ಹತ್ತುತ್ತಾರೆ. ಮಧ್ಯಪ್ರದೇಶ 2013ರಲ್ಲಿ ಅದನ್ನು ರಾಜ್ಯದ ಕ್ರೀಡೆ ಅಂತಲೇ ಘೋಷಿಸಿತು. ಇಷ್ಟು ಕಡಿಮೆ ಬಟ್ಟೆ ಯಾಕಪ್ಪ ಅಂತ ಆ ಹುಡುಗರನ್ನು ಯಾರಾದರೂ ಕೇಳಿದ್ದಾರಾ? ಇದನ್ನು ನಿಮ್ಮ ಗಂಡನಿಗೆ ಹೇಳಿ, ಸಾಕು.

ಆದರೆ "ಇದು ಮಲ್ಲಕಂಬದ ಥರಾನೇ ಅಂತ ಹೇಳಿಬಿಡಲಾ" ಅಂತ ಕೇಳಿದ್ದೀರಲ್ಲ, ಬೇಡ. ಮಲ್ಲಕಂಬ ಕುಸ್ತಿಯವರ ತಾಲೀಮಿನಿಂದ ಬಂದದ್ದು. ನಿಮ್ಮ ಕಂಬ ಬಂದ ದಾರಿ ಬೇರೆ. ಇವತ್ತು ಕ್ಲಾಸುಗಳಲ್ಲಿ ಕಲಿಸುವ ಪೋಲ್ ಡಾನ್ಸ್ ಬೆಳೆದದ್ದು ಉತ್ತರ ಅಮೆರಿಕದ ಸ್ಟ್ರಿಪ್ ಕ್ಲಬ್ಬುಗಳಲ್ಲಿ. ಅಲ್ಲಿ ರಾತ್ರಿ ಕುಣಿಯುತ್ತಿದ್ದ ಹೆಂಗಸರೇ 1990ರ ದಶಕದಲ್ಲಿ ಹೊರಗಿನವರಿಗೆ ಕಲಿಸಲು ಶುರು ಮಾಡಿದರು. ನೀವು ಹಾಕುವ ಎಷ್ಟೋ ಪಟ್ಟು, ಎಷ್ಟೋ ಸುತ್ತು ಅವರ ಮೈಯಲ್ಲಿ ಹುಟ್ಟಿದ್ದು. ಇನ್ನೊಬ್ಬರ ಅಜ್ಜನ ಹೆಸರು ಹೇಳಿಕೊಂಡು ಓಡಾಡಿದರೆ ನಿಮ್ಮ ಅಜ್ಜಿ ಎಲ್ಲಿ ಹೋಗಬೇಕು?

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಬಿಡಿಸಲು ಆಗುತ್ತಾ? ಆಟವಾಗಿ ಬಿಡಿಸಬಹುದು, ಬಿಡಿಸಿಯೂ ಆಗಿದೆ. ಇಂಟರ್‌ನ್ಯಾಷನಲ್ ಪೋಲ್ ಸ್ಪೋರ್ಟ್ಸ್ ಫೆಡರೇಷನ್ ಅಂತ 2009ರಲ್ಲಿ ಒಂದು ಸಂಸ್ಥೆ ಹುಟ್ಟಿತು. 2012ರಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. 2017ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಸಂಘ ಅದಕ್ಕೆ ವೀಕ್ಷಕ ಸ್ಥಾನ ಕೊಟ್ಟಿತು. ಅಲ್ಲಿ ಎರಡು ಕಂಬ, ಒಂದು ನಿಂತದ್ದು, ಇನ್ನೊಂದು ತಿರುಗುವುದು. ಪ್ರತಿ ಪಟ್ಟಿಗೂ ಅಂಕ. ಹೈ ಹೀಲ್ಸ್ ಇಲ್ಲ, ಬಟ್ಟೆ ಕಳಚುವುದು ಇಲ್ಲ. ಜಿಮ್ನಾಸ್ಟಿಕ್ಸ್ ನೋಡುವ ಕಣ್ಣಿನಿಂದಲೇ ನೋಡಬಹುದು. ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ ನಾನು ಹೋಗಿದ್ದ ಕ್ಲಾಸಿನ ಕೊನೆಯ ಹತ್ತು ನಿಮಿಷವೂ ಇದೆಯಲ್ಲ. ಇಬ್ಬರು ಹೆಂಗಸರು ಎತ್ತರದ ಹೀಲ್ಸ್ ಹಾಕಿಕೊಂಡರು, ಹಾಡು ನಿಧಾನವಾಯಿತು, ಕಂಬದ ಸುತ್ತ ನೆಲಕ್ಕೆ ಮೈ ತಾಗಿಸಿಕೊಂಡು ಕುಣಿದರು. ಅದರಲ್ಲಿ ಶೃಂಗಾರ ಇತ್ತು, ತುಂಬಾನೇ ಇತ್ತು. ಚೆಂದವೂ ಇತ್ತು. ಒಬ್ಬರಿಗೆ 50 ದಾಟಿರಬೇಕು. ಅವರನ್ನು ನೋಡಿ ನನ್ನ ಕಣ್ಣು ತುಂಬಿ ಬಂತು, ಯಾಕೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ನೀವು ಬರೀ ಪಟ್ಟು ಹಾಕ್ತೀರಿ, ಅವರು ಹೀಗೆ ಕುಣಿಯುತ್ತಾರೆ. ಕಂಬ ಅದೇ, ಒರೆಸುವ ಬಟ್ಟೆಯೂ ಅದೇ. ಶೃಂಗಾರವನ್ನು ಕೊಳೆ ಅಂತ ತೊಳೆದು ಹಾಕಿದರೆ ಮಾತ್ರ ಕಲೆಗೆ ಮರ್ಯಾದೆ ಅನ್ನುವ ಮಾತು ನನಗೆ ಯಾವತ್ತೂ ಸರಿ ಕಂಡಿಲ್ಲ.

ಈ ತೊಳೆಯುವ ಕೆಲಸ ಹೊಸದೇನಲ್ಲ. 19ನೇ ಶತಮಾನದ ಪ್ಯಾರಿಸ್ ಒಪೆರಾದಲ್ಲಿ ದುಡ್ಡಿದ್ದ ಗಂಡಸರು ಚಂದಾ ಕಟ್ಟಿ, ತೆರೆಯ ಹಿಂದೆ ಹೋಗಿ ಬ್ಯಾಲೆ ಹುಡುಗಿಯರ ಜೊತೆ ಬೆರೆಯುತ್ತಿದ್ದರು. ಇವತ್ತು ಬ್ಯಾಲೆ ಕ್ಲಾಸಿಗೆ ಮಗಳನ್ನು ಕಳಿಸುವ ಯಾವ ತಾಯಿಗೂ ಅದು ನೆನಪಿಲ್ಲ. ಹಾಗಾಗಿ ಕಾಲ ಕಳೆದರೆ ಚಿತ್ರ ಅಳಿಸುತ್ತದೆ. ಆದರೆ ಅಳಿಸುವಾಗ ಯಾರು ಅಳಿಸಿಹೋದರು ಅಂತಲೂ ನೋಡಬೇಕು. ಭರತನಾಟ್ಯದ ಕಥೆ ನಿಮಗೆ ಗೊತ್ತಿರಬಹುದು. ದೇವದಾಸಿಯರು ಉಳಿಸಿಕೊಂಡು ಬಂದಿದ್ದ ಸದಿರ್ ಅನ್ನುವ ನೃತ್ಯ ಅದು. 1936ರಲ್ಲಿ ಕಲಾಕ್ಷೇತ್ರ ಅನ್ನುವ ನೃತ್ಯಶಾಲೆ ಕಟ್ಟಿದ ರುಕ್ಮಿಣೀದೇವಿಯವರು ಶೃಂಗಾರವನ್ನು ತಗ್ಗಿಸಿ, ಭಕ್ತಿಯನ್ನು ಮುಂದಿಟ್ಟು, ಮಾನವಂತರ ಮನೆಗೆ ತಂದರು. ದೇವದಾಸಿಯರ ಪರಂಪರೆಯಲ್ಲೇ ಹುಟ್ಟಿದ ನರ್ತಕಿ ಬಾಲಸರಸ್ವತಿಯವರು ಶೃಂಗಾರವೇ ಈ ನೃತ್ಯದ ಜೀವ, ಅದರಲ್ಲಿ ತೊಳೆಯುವಂಥದ್ದು ಏನೂ ಇಲ್ಲ ಅಂತ ಕೊನೆಯವರೆಗೂ ವಾದಿಸಿದರು. ನಾಟ್ಯ ಉಳಿಯಿತು, ಬೆಳೆಯಿತು. ಅದನ್ನು ಹೊತ್ತು ತಂದ ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ ವೇದಿಕೆಯೇ ಸಿಗಲಿಲ್ಲ.

ಇಲ್ಲಿಗೆ ಆ ಸಾಲು. ಪತ್ರದ ಕೊನೆಯಲ್ಲಿ, ಸುಮ್ನೆ ಹೇಳಿದ ಹಾಗೆ, ನೀವು ಬರೆದಿದ್ದೀರಿ: "ಎಲ್ಲರ ಬಾಯಿ ಮುಚ್ಚಿಸೋಣ ಅಂತ ನಾನು ಮೆಡಲ್ ತೊಗೊಂಡ ಫೋಟೋ ಗ್ರೂಪಿಗೆ ಹಾಕಿದೆ. ಪಕ್ಕದಲ್ಲಿ ಟೀಚರ್ ಇದ್ದರು, ಅವರು ಮೊದಲು ಕ್ಲಬ್ಬಿನಲ್ಲಿದ್ದವರು, ಅದಕ್ಕೆ ಅವರನ್ನು ಕಟ್ ಮಾಡಿದೆ. ನನ್ನ ಭುಜದ ಮೇಲೆ ಅವರ ಬೆರಳು ಮಾತ್ರ ಉಳಿದಿವೆ, ಯಾರೂ ಗಮನಿಸಲಿಲ್ಲ."

ನಾನು ಗಮನಿಸಿದೆ.

ಈ ಅಂಕಣ ಓದುವವರಿಗೆ ನಾನು ಪದೇ ಪದೇ ಹೇಳುವ ಮಾತು ಗೊತ್ತು. ಅವಮಾನ ಅನ್ನುವುದು ಆವಿಯಾಗಿ ಹೋಗುವ ವಸ್ತು ಅಲ್ಲ. ನಿಮ್ಮ ತಲೆಯಿಂದ ಇಳಿಸಿದರೆ ಪಕ್ಕದವರ ತಲೆ ಮೇಲೆ ಕೂರುತ್ತದೆ. ಮೈದುನ ನಿಮಗೆ ಮಾಡಿದ್ದನ್ನೇ ನೀವು ಟೀಚರಿಗೆ ಮಾಡಿದಿರಿ. ಅವನು ಎಮೋಜಿ ಹಾಕಿದ, ನೀವು ಕತ್ತರಿ ಹಾಕಿದಿರಿ. ತಲೆಕೆಳಗಾಗಿ ಕೈ ಬಿಡುವ ಆ ಮೊದಲ ದಿನ ಪಕ್ಕದಲ್ಲಿ ನಿಂತು ನಿಮ್ಮ ಸೊಂಟ ಹಿಡಿದವರು ಅವರು ಅಂತ ಅದೇ ಪತ್ರದಲ್ಲಿ ಬರೆದಿದ್ದೀರಿ. ಆ ಪಟ್ಟು ಅವರಿಗೆ ಬಂದದ್ದೇ ಕ್ಲಬ್ಬಿನಲ್ಲಿ ಕುಣಿದ ವರ್ಷಗಳಿಂದ.

ನೀವೊಬ್ಬರೇ ಅಲ್ಲ, ಅದೂ ನಿಜ. 2015ರ ಸುಮಾರಿಗೆ ಪೋಲ್ ಕಲಿಯುವವರು ತಮ್ಮ ಚಿತ್ರಗಳ ಕೆಳಗೆ 'ನಾಟ್ ಎ ಸ್ಟ್ರಿಪ್ಪರ್' ಅಂತ ಹ್ಯಾಷ್‌ಟ್ಯಾಗ್ ಹಾಕಿಕೊಳ್ಳಲು ಶುರು ಮಾಡಿದರು. ನಾನು ಅವಳಲ್ಲ, ಅಂಥವಳಲ್ಲ ಅಂತ. ಕ್ಲಬ್ಬಿನ ಹೆಂಗಸರಿಗೆ ಎಷ್ಟು ನೋವಾಯಿತು ಅಂದರೆ, ಅವರು 'ಯೆಸ್ ಎ ಸ್ಟ್ರಿಪ್ಪರ್' ಅಂತ ತಮ್ಮ ಚಿತ್ರಗಳನ್ನು ಹಾಕಿ ಉತ್ತರ ಕೊಟ್ಟರು. ಸರಿ, ಕೈ ತೊಳೆದುಕೊಂಡವರಿಗೆ ಏನು ಸಿಕ್ಕಿತು? 2019ರಲ್ಲಿ ಇನ್‌ಸ್ಟಾಗ್ರಾಮ್ ಪೋಲ್ ಡಾನ್ಸಿನ ಹ್ಯಾಷ್‌ಟ್ಯಾಗುಗಳನ್ನೇ ಅಡಗಿಸಿಟ್ಟಿತು. ಕ್ಲಬ್ಬಿನವರು, ಕ್ಲಾಸಿನವರು, ಮೆಡಲ್ ತೊಗೊಂಡವರು, ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿತು. ಎಲ್ಲರೂ ಸೇರಿ ಗಲಾಟೆ ಮಾಡಿದ ಮೇಲೆ ಆ ವರ್ಷವೇ ಅವರು ಕ್ಷಮೆ ಕೇಳಬೇಕಾಯಿತು. ಒಟ್ಟಿಗೆ ನಿಂತಾಗ ಆದ ಕೆಲಸ ಅದು.

ನಿಮ್ಮ ನಾದಿನಿಗೆ ಫಿಟ್‌ನೆಸ್ ಅಂತ ಹೇಳಿದರೂ ಅಷ್ಟೇ, ಡಾನ್ಸ್ ಅಂತ ಹೇಳಿದರೂ ಅಷ್ಟೇ, ಅವಳು ಯಾವಾಗ ಮಾತಾಡಬೇಕೋ ಆಗ ಮಾತಾಡ್ತಾಳೆ. ಹೆಸರು ಬದಲಾಯಿಸಿ ಮನೆಯ ಜಗಳ ನಿಲ್ಲಿಸಿದವರನ್ನು ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಮನೆಯವರನ್ನು ಒಪ್ಪಿಸುವ ಹತ್ತು ದಾರಿ ಹೇಳಿ ಅಂತ ನೀವು ಕೇಳಿದ್ದೀರಿ. ನಾನು ಒಂದೇ ಹೇಳ್ತೀನಿ.

ಕತ್ತರಿಸದ ಫೋಟೋ ಹುಡುಕಿ. ಮೊದಲು ಟೀಚರಿಗೆ ತೋರಿಸಿ, ಕಟ್ ಮಾಡಿದ್ದನ್ನು ಒಪ್ಪಿಕೊಳ್ಳಿ, ಇದನ್ನು ಮನೆಯವರಿಗೆ ಕಳಿಸಲಾ ಅಂತ ಕೇಳಿ. ಅವರು ಬೇಡ ಅಂದರೆ ಅಲ್ಲಿಗೇ ಬಿಡಿ. ಹೂಂ ಅಂದರೆ ಅದೇ ಗ್ರೂಪಿಗೆ ಹಾಕಿ, ಕೆಳಗೆ "ನನಗೆ ಪೋಲ್ ಡಾನ್ಸ್ ಕಲಿಸಿದವರು ಇವರು" ಅಂತ ಬರೆಯಿರಿ. ಅವರ ಹಳೆಯ ಕೆಲಸದ ಮಾತು ನೀವಾಗಿ ಎತ್ತಬೇಡಿ. ಅದನ್ನು ಹೇಳುವುದು ಬಿಡುವುದು ಅವರಿಗೆ ಸೇರಿದ್ದು. ಮೈದುನ ಏನಾದರೂ ಹಾಕಿದರೆ ಉತ್ತರ ಕೊಡುವ ಸರದಿ ನಿಮ್ಮ ಗಂಡನದು, ಅದನ್ನು ಅವರಿಗೆ ಮುಂಚೆಯೇ ಹೇಳಿಡಿ.

ಆಮೇಲೆ ಒಂದು ದಿನ ಅತ್ತೆಯವರನ್ನು ಕ್ಲಾಸಿಗೆ ಕರೆದುಕೊಂಡು ಹೋಗಿ. ಕಂಬದ ಬುಡಕ್ಕೆ ಹಾಸುವ ಆ ದಪ್ಪ ಮ್ಯಾಟಿನ ಮೇಲೆ ಅವರನ್ನು ಕೂರಿಸಿ, ಕೈಯಿಂದ ಒತ್ತಿ ನೋಡಲಿ. ಬಿದ್ದರೆ ಏನು ಅನ್ನುವ ಪ್ರಶ್ನೆಯನ್ನು ಅವರೇ ನೇರವಾಗಿ ಟೀಚರಿಗೆ ಕೇಳಲಿ.