ಮಂಗೋಲ್ ಸಾಮ್ರಾಜ್ಯದ ಏಳುಬೀಳಿಗೂ ಹವಾಮಾನಕ್ಕೂ ಏನು ಸಂಬಂಧ?

ಸಂಬಂಧ ಇರುವುದು ಹುಲ್ಲಿನ ಮೂಲಕ. ಮಂಗೋಲ್ ಸವಾರ ಒಂದೇ ಕುದುರೆ ನೆಚ್ಚಿ ಹೊರಡುತ್ತಿರಲಿಲ್ಲ, ಬದಲಿಗೆಂದು ಇನ್ನೂ ಮೂರು ನಾಲ್ಕು ಜೊತೆಗಿರುತ್ತಿದ್ದವು. ಅವು ಕಾಳು ತಿಂದು ಬೆಳೆದವಲ್ಲ, ಬಯಲಲ್ಲಿ ಮೇಯ್ದವು. ಮಳೆ ಚೆನ್ನಾಗಿ ಆದರೆ ಹುಲ್ಲು, ಹುಲ್ಲಿದ್ದರೆ ದಂಡು.

ಇದರ ಪುರಾವೆ ಮರಗಳಲ್ಲಿದೆ. ಮಧ್ಯ ಮಂಗೋಲಿಯಾದ ಖೋರ್ಗೋದಲ್ಲಿ ಲಾವಾ ಬಂಡೆಗಳ ಮೇಲೆ ಬೆಳೆದ ಸೈಬೀರಿಯನ್ ಪೈನ್ ಮರಗಳ ಬೇರಿಗೆ ಮಣ್ಣೇ ಕಡಿಮೆ, ನೀರು ನಿಲ್ಲುವುದಿಲ್ಲ. ಹಾಗಾಗಿ ಬರದ ವರ್ಷ ಕಾಂಡದೊಳಗಿನ ಉಂಗುರ ತೀರ ಸಪೂರ, ಮಳೆಯ ವರ್ಷ ಅಗಲ. ತೆಮುಜಿನ್ ಇನ್ನೂ ತಲೆಯೆತ್ತುತ್ತಿದ್ದ 1180ರ ದಶಕದಲ್ಲಿ ಬರ ಕಾಣುತ್ತದೆ. ಅವನು ಚಿಂಗಿಸ್ ಖಾನ್ ಆಗಿ ಉತ್ತರ ಚೀನಾದ ಮೇಲೆ ಏರಿಹೋದದ್ದು 1211ರಲ್ಲಿ. ಅಲ್ಲಿಂದ 1225ರವರೆಗೆ ಸತತ ಹದಿನೈದು ವರ್ಷ ಒಳ್ಳೆ ಮಳೆ, ಹಿತವಾದ ಬಿಸಿಲು. ಬುಡಕಟ್ಟುಗಳನ್ನು ಒಗ್ಗೂಡಿಸಿದ್ದು ಮಳೆಯಲ್ಲ, ಅದು ಅವನ ಸಾಮರ್ಥ್ಯ. ಆದರೆ ಆ ದಂಡಿಗೆ ಮೇವು ಒದಗಿಸಿದ್ದು ಮಳೆಯೇ.

ಅತಿಯಾದರೆ ಅದೇ ಮಳೆ ತೊಡಕು. 1242ರ ವಸಂತದಲ್ಲಿ ಮಂಗೋಲರು ದಂಡೆತ್ತಿ ಹೋಗಿದ್ದ ಹಂಗೇರಿಯ ಬಯಲು ಜೌಗಾಗಿ ಕುದುರೆಗಳು ಹೂತುಹೋಗುವಂತಾಯಿತು, ಮೇವೂ ಕುಗ್ಗಿತು. ಅವರು ಹಿಂದಿರುಗಿದ್ದಕ್ಕೆ ಚಿಂಗಿಸ್‌ನ ಮಗ, ಉತ್ತರಾಧಿಕಾರಿ ಒಗೆದೈ ಖಾನನ ಸಾವಿನ ಜೊತೆ ಇದೂ ಕಾರಣವೆಂದು ಕೆಲವು ಸಂಶೋಧಕರ ವಾದ.

ಪತನಕ್ಕೆ ಒಳಜಗಳ, ಪಿಡುಗುಗಳೂ ಕಾರಣ. ಆದರೆ ಚೀನಾದಲ್ಲಿ ಮಂಗೋಲರೇ ಕಟ್ಟಿದ್ದ ಯುವಾನ್ ಆಳ್ವಿಕೆಗೆ ಬಿದ್ದ ದೊಡ್ಡ ಪೆಟ್ಟು ಪ್ರವಾಹದ್ದು. 1344ರಲ್ಲಿ ಹಳದಿ ನದಿ ಒಡ್ಡು ಒಡೆದು ಹೊಲಗಳನ್ನು ನುಂಗಿತು. 1351ರಲ್ಲಿ ನದಿ ತಿರುಗಿಸಲು ಸುಮಾರು ಒಂದೂವರೆ ಲಕ್ಷ ಜನರನ್ನು ಕಡ್ಡಾಯ ದುಡಿತಕ್ಕೆ ಹಚ್ಚಿದರು. ಹಸಿದ ಆ ಜನರ ನಡುವೆಯೇ ಕೆಂಪು ರುಮಾಲಿನವರ ದಂಗೆ ಹೊತ್ತಿಕೊಂಡಿತು. 1368ರಲ್ಲಿ ರಾಜಧಾನಿ ದಾದು ಕೈತಪ್ಪಿತು.