ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಡಿಮೆ ಗೆದ್ದ ತಂಡಕ್ಕೂ ಮೇಲಿನ ಶ್ರೇಯಾಂಕ ಸಿಗುವುದು ಹೇಗೆ?

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ, ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನ ಶ್ರೇಯಾಂಕಕ್ಕೆ ಒಟ್ಟು ಗೆಲುವುಗಳಿಗಿಂತ ಮೊದಲು ಲೆಕ್ಕಕ್ಕೆ ಬರುವುದು ವಿಭಾಗದ ಅಗ್ರಸ್ಥಾನ. ಲೀಗಿನ 32 ತಂಡಗಳು ‘ಕಾನ್ಫರೆನ್ಸ್’ ಎಂಬ ಎರಡು ದೊಡ್ಡ ಗುಂಪುಗಳಲ್ಲಿ, ತಲಾ ನಾಲ್ಕು ತಂಡಗಳ ವಿಭಾಗಗಳಾಗಿ ಹಂಚಿಹೋಗಿವೆ. ಪ್ರತಿ ಕಾನ್ಫರೆನ್ಸ್‌ನ ನಾಲ್ಕು ವಿಭಾಗ ವಿಜೇತ ತಂಡಗಳಿಗೆ 1ರಿಂದ 4ನೆಯ ಶ್ರೇಯಾಂಕ ಮೀಸಲು. ಉಳಿದವುಗಳಲ್ಲಿ ಉತ್ತಮ ಸಾಧನೆಯ ಮೂರು ‘ವೈಲ್ಡ್ ಕಾರ್ಡ್’ ತಂಡಗಳಿಗೆ 5ರಿಂದ 7. ಹೀಗಾಗಿಯೇ 2010ರ ಋತುವಿನಲ್ಲಿ 7 ಪಂದ್ಯ ಗೆದ್ದು 9 ಸೋತಿದ್ದ ಸಿಯಾಟಲ್ ಸೀಹಾಕ್ಸ್, 11 ಪಂದ್ಯ ಗೆದ್ದಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವನ್ನು ಪ್ಲೇಆಫ್‌ನಲ್ಲಿ ಮೇಲಿನ ಶ್ರೇಯಾಂಕದ ಬಲದಿಂದ ತನ್ನ ಮೈದಾನದಲ್ಲೇ ಎದುರಿಸಿತು, ಸೋಲಿಸಿತು ಕೂಡ. ಇದು ನ್ಯಾಯವೇ ಎಂಬ ವಾದ ಇನ್ನೂ ಮುಗಿದಿಲ್ಲ.

ಒಂದೇ ವಿಭಾಗದ ಎರಡು ತಂಡಗಳು ಸಮನಾದರೆ ಮೊದಲು ಅವುಗಳ ನಡುವಿನ ಪಂದ್ಯಗಳ ಫಲಿತಾಂಶ, ನಂತರ ವಿಭಾಗದೊಳಗಿನ ಸಾಧನೆ, ಆಮೇಲೆ ಎರಡೂ ತಂಡಗಳು ಆಡಿದ ಸಮಾನ ಎದುರಾಳಿಗಳ ವಿರುದ್ಧದ ಸಾಧನೆಯನ್ನು ನೋಡಲಾಗುತ್ತದೆ. ಬೇರೆ ಬೇರೆ ವಿಭಾಗದ ತಂಡಗಳಾದರೆ, ಪರಸ್ಪರ ಆಡಿದ್ದಲ್ಲಿ ಆ ಫಲಿತಾಂಶ, ಬಳಿಕ ಕಾನ್ಫರೆನ್ಸ್‌ನೊಳಗಿನ ಸಾಧನೆ. ಅಂಕಗಳ ಅಂತರಕ್ಕೆ ಈ ಪಟ್ಟಿಯಲ್ಲಿ ಬಹಳ ಕೆಳಗಿನ ಸ್ಥಾನವಿದೆ; ಏಕೆಂದರೆ 17 ಪಂದ್ಯಗಳ ವೇಳಾಪಟ್ಟಿ ಎಲ್ಲರಿಗೂ ಒಂದೇ ಆಗಿರದೆ, ದುರ್ಬಲ ಎದುರಾಳಿಗಳು ಸಿಕ್ಕವರಿಗೆ ಅಂಕಗಳ ರಾಶಿ ಸುಲಭವಾಗಿ ದಕ್ಕುತ್ತದೆ. ಯಾವ ಮಾನದಂಡದಿಂದಲೂ ಬಗೆಹರಿಯದಿದ್ದರೆ ನಾಣ್ಯ ಚಿಮ್ಮಲಾಗುತ್ತದೆ.