ಬೋಟಿನ ಪಾಲು ತಗೊಳ್ಳಲೋ ಬೇಡ್ವೋ, ಯಾರನ್ನ ಕೇಳ್ಲಿ?

ಪ್ರಶ್ನೆ: ಅಕ್ಕಾ, ನಾನು ಕಾರವಾರದವ, ಗೋವಾದಲ್ಲಿ ಎಂಟು ವರ್ಷ ದುಡಿದು ಆರು ಲಕ್ಷ ಉಳಿಸಿದ್ದೇನೆ. ನಮ್ಮ ಸೋದರಮಾವ ಪಾಲುದಾರ ಆಗಿರೋ ಪರ್ಶಿಯನ್ ಬೋಟಲ್ಲಿ (ದೊಡ್ಡ ಸುತ್ತುಬಲೆ ಹಾಕಿ ಮೀನು ಹಿಡಿಯೋ ಬೋಟ್) ಒಬ್ರು ಪಾಲು ಬಿಡ್ತಿದ್ದಾರೆ, ನೀನು ತಗೋ ಅಂತಾರೆ ಮಾವ, ಆಗಸ್ಟಲ್ಲಿ ಬೋಟ್ ಇಳಿಯೋದ್ರೊಳಗೆ ಹೇಳ್ಬೇಕಂತೆ. ಫ್ರೆಂಡ್ಸ್ ತಗೋ ತಗೋ ಅಂತಾರೆ, ಗೋವಾದ ಸೇಠ್ ಹುಚ್ಚು ಹಿಡಿದಿದ್ಯಾ ಅಂತಾರೆ, ಅಮ್ಮಂದು ಬೇಡ ಅಂತ ಒಂದೇ ಮಾತು. ಅಪ್ಪನಿಗೂ ಹಿಂದೆ ಒಂದು ಬೋಟಲ್ಲಿ ಪಾಲಿತ್ತು, ಅಪ್ಪ ಈಗಿಲ್ಲ. ಕೇಳಿದಷ್ಟೂ ತಲೆ ಕೆಡ್ತಾ ಅದೆ.
(ಹೆಸರು ಬೇಡ, ಕಾರವಾರ)

ಉತ್ತರ: ತಮ್ಮಾ, ಎಲ್ರಿಗೂ ನೀನು "ತಗೊಳ್ಲಾ ಬೇಡ್ವಾ" ಅಂತಲೇ ಕೇಳಿದ್ದೀಯ ಅನ್ಸ್ತದೆ. ಹಾಗೆ ಕೇಳಿದ್ರೆ ಧೈರ್ಯಸ್ಥ ಧೈರ್ಯ ಹೇಳ್ತಾನೆ, ಹೆದರುಪುಕ್ಕಲ ಹೆದರಿಸ್ತಾನೆ, ಬೋಟಿನ ಸುದ್ದಿ ಮಾತ್ರ ಯಾರೂ ಹೇಳೂದಿಲ್ಲ. ನಾನು ಮನೆ ಕಟ್ಟುವಾಗ ಹನ್ನೊಂದು ಜನರನ್ನ ಕೇಳಿದ್ದೆ, ಹತ್ತು ಜನ ಭಾಷಣ ಮಾಡಿದ್ರು, ಹನ್ನೊಂದನೆಯವರು ಮಾತೇ ಆಡದೆ ಮಳೆಗಾಲದಲ್ಲಿ ಸೋರ್ತಿದ್ದ ಅವರ ಸ್ಲ್ಯಾಬ್ ತೋರಿಸಿದ್ರು, ನಾನು ಮೇಲೆ ಹಂಚು ಹಾಕಿಸ್ದೆ. ಸೇಠ್‌ಗೆ ನೀನು ಕೆಲಸ ಬಿಟ್ರೆ ತೊಂದ್ರೆ, ಫ್ರೆಂಡ್ಸಿಗೆ ಏನೂ ಹೋಗೂದಿಲ್ಲ, ಅವರಿಬ್ಬರ ಮಾತು ಸದ್ಯ ಪಕ್ಕಕ್ಕಿಡು.

ನಿನ್ನ ಅದೃಷ್ಟ, ಟೈಮ್ ಚಲೋ ಅದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಉಳಿದ ತಿಂಗಳಲ್ಲಿ ಬಂದರಲ್ಲಿ ಯಾರಿಗೂ ನಿಂತು ಮಾತಾಡೋ ಪುರುಸೊತ್ತಿಲ್ಲ, ಈಗ ನಿಮ್ಮೂರಿನ ಬೈತಖೋಲ ಬಂದರಿಗೆ ಹೋದ್ರೆ ಬಲೆ ಸರಿ ಮಾಡ್ತಾ ಕೂತಿರ್ತಾರೆ, ಚಾ ಕುಡೀತಾ ಕೇಳು. ಮೊದ್ಲು ಪಾಲು ಬಿಡ್ತಿರೋ ಮನುಷ್ಯನ್ನೇ ಹುಡ್ಕು. ಪತ್ರದಲ್ಲಿ ಅವ್ನ ಬಗ್ಗೆ ಒಂದು ಸಾಲೂ ಇಲ್ಲ ನೋಡು! ಮಗಳ ಮದುವೆಗೆ ಬಿಡ್ತಿದ್ದಾನೋ ಸಾಲಕ್ಕೋ ಅಥವಾ ಪಾಲುದಾರರಲ್ಲೇ ಜಗಳವೋ ಅಂತ ಗೊತ್ತಾದ್ರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಆಮೇಲೆ ಬೋಟ್ ಮಾರಿ ಕೈ ತೊಳ್ಕೊಂಡವ ಒಬ್ಬ, ಅದೇ ಬೋಟಲ್ಲಿ ದುಡಿದ ಖಲಾಸಿ ಒಬ್ಬ, ಐಸ್ ಅಥವಾ ಡೀಸೆಲ್ ಕೊಡೋನು ಒಬ್ಬ, ಈ ಮೂವರನ್ನ ಕೇಳು, ಯಾರ ಬಾಕಿ ಎಷ್ಟು ಅಂತ ಕೊನೆಯವನಿಗೆ ಗೊತ್ತಿರೋ ಅಷ್ಟು ನಿನ್ನ ಮಾವನಿಗೂ ಗೊತ್ತಿರೂದಿಲ್ಲ.

ಕೇಳುವಾಗ ಅಭಿಪ್ರಾಯ ಕೇಳ್ಬೇಡ, ನಡೆದದ್ದು ಕೇಳು. ಹೋದ ಸೀಸನ್ನಿಗೆ ಎಷ್ಟು ದಿನ ಬೋಟ್ ಸುಮ್ನೆ ನಿಂತಿತ್ತು, ಬಲೆಗೆ ಎಂಜಿನ್ನಿಗೆ ಎಷ್ಟು ಹೋಯ್ತು, ಪಾಲಿಗೆ ಕೊನೆಗೆ ಕೈಗೆ ಬಂದದ್ದೆಷ್ಟು. ಬಂಗುಡೆ, ತಾರ್ಲೆ ಮೀನು ಒಂದು ವರ್ಷ ಸುರೀತದೆ ಇನ್ನೊಂದು ವರ್ಷ ಕೈ ಕೊಡ್ತದೆ, ಅದಕ್ಕೆ ಮೂರು ವರ್ಷದ ಲೆಕ್ಕದ ಪುಸ್ತಕ ನೋಡು, ಒಳ್ಳೆ ಸೀಸನ್ನಿನ ಲೆಕ್ಕ ಎಲ್ಲರಿಗೂ ಬಾಯಿಪಾಠ ಇರ್ತದೆ. ಆ ದುಡ್ಡು ಲೈಟ್ ಫಿಶಿಂಗಿಂದ ಬಂದದ್ದಾ ಅಂತನೂ ಕೇಳು, ಎಲ್ಇಡಿ ಬೆಳಕಲ್ಲಿ ಮೀನು ಹಿಡಿಯೋದನ್ನ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ, ಅಂಥ ಆದಾಯ ನಂಬಿ ಆರು ಲಕ್ಷ ಹಾಕೋದು ನನಗಂತೂ ಸರಿ ಕಾಣೂದಿಲ್ಲ. ಮೀನು ಖರೀದಿ ಮಾಡೋ ಏಜೆಂಟ್ ಹತ್ರ ಮುಂಗಡ ತಗೊಂಡಿದ್ದಾರಾ, ತಗೊಂಡಿದ್ರೆ ಆ ಸಾಲ ಹೊಸ ಪಾಲುದಾರನ ತಲೆಗೂ ಬರ್ತದಾ? ನೋಂದಣಿ, ಲೈಸೆನ್ಸ್, ವಿಮೆ ಕಾಗದ ಮೀನುಗಾರಿಕೆ ಇಲಾಖೆ ಆಫೀಸಲ್ಲಿ ತೋರಿಸಿ ಕೇಳಿದ್ರಾಯ್ತು.

ಮಾವ ಮೋಸ ಮಾಡ್ತಾರೆ ಅಂತ ಅಲ್ಲ ಮಾರಾಯಾ, ಆದ್ರೆ ಹೊಸಬ ಸಿಗದಿದ್ರೆ ಆ ಪಾಲಿನ ಭಾರ ಅವ್ರ ಮೇಲೂ ಬೀಳ್ತದೆ. ಅದಕ್ಕೇ ಅವ್ರನ್ನ ಒಂದೇ ಕೇಳು: "ಮಾವಾ, ನಿಮ್ಮ ಹತ್ರ ಈಗ ಆರು ಲಕ್ಷ ಇದ್ರೆ ಇದೇ ಬೋಟಲ್ಲಿ ಇನ್ನೊಂದು ಪಾಲು ತಗೊಳ್ತಿದ್ರಾ?" ಉತ್ತರಕ್ಕಿಂತ ಉತ್ತರ ಕೊಡೋಕೆ ಎಷ್ಟು ಹೊತ್ತು ತಗೊಂಡ್ರು ಅನ್ನೋದು ನೋಡು.

ಇನ್ನು ಅಮ್ಮ. ಬೇಡ ಅಂದ್ರು ಅಂತ ಬರ್ದಿದ್ದೀಯ, ಯಾಕೆ ಅಂತ ಬರೀಲಿಲ್ಲ. ಅಪ್ಪನ ಪಾಲು ಏನಾಯ್ತು ಅನ್ನೋದು ಇಡೀ ಬಂದರಲ್ಲಿ ಅವ್ರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ. ಬೈತಖೋಲಕ್ಕೆ ನಾಳೆ ಹೋಗು, ಇವತ್ತು ರಾತ್ರಿ ಊಟ ಆದ್ಮೇಲೆ ಅಮ್ಮನ ಹತ್ರ ಕೂತ್ಕೋ.